ಖಾಲಿ ಬಿಟ್ಟ ದಿನಗಳ ಲೆಕ್ಕ: ತಲೆನೋವಿನ ಆ್ಯಪ್‌ನೊಂದಿಗೆ ಒಂದೂವರೆ ವರ್ಷ

ತಲೆನೋವು ಬಂದ ದಿನಗಳನ್ನು ಬರೆದಿಡುವ ಈ ಆ್ಯಪ್ ನನ್ನನ್ನು ಅಭಿನಂದಿಸಿದ ದಿನವೇ ನನಗೆ ಅದರ ಮೇಲೆ ಸಿಟ್ಟು ಬಂದದ್ದು. ಬಳಸಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು. ತಿಂಗಳ ವರದಿಯ ನೆತ್ತಿಯ ಮೇಲೆ ಹಸಿರು ಪಟ್ಟಿಯೊಂದು ಮೂಡಿ, ತಲೆನೋವು ಬಂದದ್ದು 5 ದಿನ ಮಾತ್ರ, ಒಳ್ಳೆಯ ಪ್ರಗತಿ ಎಂದಿತು. ಅದೇ ತಿಂಗಳು ನಾನು ಮೂರು ಸಲ ಕಿಟಕಿಗೆ ಕಂಬಳಿ ಕಟ್ಟಿ ಮಲಗಿದ್ದೆ. ಒಂದು ಸಲವಂತೂ ನೋವು ಹಿಡಿದದ್ದು ಸೋಮವಾರ ಬೆಳಿಗ್ಗೆ, ಬಿಟ್ಟದ್ದು ಬುಧವಾರ ರಾತ್ರಿ. ಹಾಗೆ ಬಿದ್ದುಕೊಂಡವರು ಮೊಬೈಲ್ ಕೈಗೆತ್ತಿಕೊಂಡು ನೋವಿನ ವರ್ಣನೆ ಬರೆಯುತ್ತಾರೆಯೇ? ನಾನು ಬರೆದಿರಲಿಲ್ಲ. ಬರೆಯದ ದಿನಗಳನ್ನೆಲ್ಲ ಅದು ನೋವಿಲ್ಲದ ದಿನಗಳ ಖಾತೆಗೆ ಜಮಾ ಮಾಡಿತ್ತು. ನನ್ನ ಅತಿ ಕೆಟ್ಟ ತಿಂಗಳು ಅದರ ನಕ್ಷೆಯಲ್ಲಿ ಅತಿ ಒಳ್ಳೆಯ ತಿಂಗಳಾಗಿ ಕುಳಿತಿತ್ತು.

ಇದೇನು ಮಹಾ ತಪ್ಪು ಎನ್ನಬೇಡಿ. ಮೈಗ್ರೇನ್ ವಿಷಯದಲ್ಲಿ ವೈದ್ಯರು ಮೊದಲು ಕೇಳುವುದೇ ದಿನಗಳ ಲೆಕ್ಕ. ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವಿದ್ದು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣವಿದ್ದರೆ ಅದು ದೀರ್ಘಕಾಲದ ಮೈಗ್ರೇನ್. ಹೆಸರು ಬದಲಾದರೆ ಚಿಕಿತ್ಸೆಯ ದಾರಿಯೂ ಬದಲಾಗುತ್ತದೆ. ಇನ್ನೊಂದು ಗೊಂದಲವೂ ಇದೆ: ಮದ್ದು ತೆಗೆದುಕೊಳ್ಳದಿದ್ದರೆ ಒಂದು ಮೈಗ್ರೇನ್ 4 ಗಂಟೆಯಿಂದ 72 ಗಂಟೆಯವರೆಗೂ ಇರಬಹುದು. ಸೋಮವಾರದಿಂದ ಬುಧವಾರದವರೆಗಿನ ನೋವನ್ನು ಒಂದು ಎಂದು ಎಣಿಸುವುದೋ, ಮೂರು ಎಂದೋ? ಆ್ಯಪ್ ಒಂದು ಎನ್ನುತ್ತದೆ. ವೈದ್ಯರಿಗೆ ಬೇಕಾದದ್ದು ಮೂರು.

ಎಲ್ಲ ಸೌಲಭ್ಯಗಳ ಪಟ್ಟಿ ಆ್ಯಪ್‌ನ ಪುಟದಲ್ಲೇ ಇದೆ, ಅದನ್ನು ಬಿಡುತ್ತೇನೆ. ನೋವಿನ ನಡುವೆ ಅದನ್ನು ತೆರೆದರೆ ಏನಾಗುತ್ತದೆ ಎಂಬುದು ಅಲ್ಲಿ ಇಲ್ಲ. ನನಗೆ ನೋವು ಬಲಗಣ್ಣಿನ ಹಿಂದೆ ಕೂರುತ್ತದೆ. ಆ ಹೊತ್ತಿಗೆ ಬಾಗಿಲ ಸಂದಿನ ಬೆಳಕೂ ಬೇಡ. ಆ್ಯಪ್ ತೆರೆದರೆ ಎದುರಿಗೆ ಸುಣ್ಣ ಬಳಿದ ಗೋಡೆಯಂಥ ಬಿಳಿ ಪರದೆ! ಒಂದಾದ ಮೇಲೊಂದು ಹನ್ನೊಂದು ಪ್ರಶ್ನೆ. ನೋವು ಮಿಡಿಯುವಂಥದ್ದೋ, ಚುಚ್ಚುವಂಥದ್ದೋ, ಒತ್ತುವಂಥದ್ದೋ? ಸೊನ್ನೆಯಿಂದ ಹತ್ತರವರೆಗಿನ ಗೆರೆಯ ಮೇಲೆ ಗುಂಡಿಯನ್ನು ಎಳೆಯಬೇಕು, ಬೆರಳು ನಡುಗಿದರೆ 7 ಇದ್ದದ್ದು 9 ಆಗುತ್ತದೆ. ಕೊನೆಗೆ ನಾನೇ ಮೂರು ಅಂಕಿ ಇಟ್ಟುಕೊಂಡೆ. ಕೆಲಸ ಮಾಡಬಹುದಾದರೆ 3, ಕೆಲಸ ಕುಂಟಿದರೆ 6, ಮಲಗಲೇಬೇಕಾದರೆ 9. ಉಳಿದ ಅಂಕಿಗಳು ಯಾರಿಗಾಗಿ ಇವೆಯೋ ಅವರೇ ಬಳಸಿಕೊಳ್ಳಲಿ.

ನೋವಿಗೆ ಕಾರಣ ಹುಡುಕಿಕೊಡುತ್ತೇನೆ ಎಂಬ ಅದರ ಜಂಬವನ್ನೂ ನಂಬಬೇಡಿ. ನನ್ನ ವಿಷಯದಲ್ಲಿ ಅದು ಪತ್ತೆ ಮಾಡಿದ ಅಪರಾಧಿ ಕತ್ತಿನ ಬಿಗಿತ. ಎರಡನೆಯದು ಆಕಳಿಕೆ. ನಾನು ದಿಂಬು ಬದಲಿಸಿದೆ, ಕುರ್ಚಿಯ ಎತ್ತರ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ವೈದ್ಯರು ನಗುತ್ತಾ ತಿಳಿಸಿದ್ದು: ಕತ್ತು ಬಿಗಿಯುವುದು, ಬಿಟ್ಟೂ ಬಿಡದೆ ಆಕಳಿಸುವುದು, ಸಿಹಿ ತಿನ್ನಬೇಕೆನ್ನಿಸುವುದು ಎಷ್ಟೋ ಸಲ ಕಾರಣಗಳಲ್ಲ, ಮೈಗ್ರೇನ್ ಆಗಲೇ ಶುರುವಾಗಿದೆ ಎಂಬುದರ ಮುನ್ಸೂಚನೆಗಳು. ತಲೆ ಸಿಡಿಯುವುದಕ್ಕೆ ಕೆಲವು ಗಂಟೆ, ಒಮ್ಮೊಮ್ಮೆ ಒಂದೆರಡು ದಿನ ಮೊದಲೇ ಅವು ಕಾಣಿಸಿಕೊಳ್ಳುತ್ತವೆ. ಬಾಗಿಲು ತಟ್ಟಿದ ಸದ್ದನ್ನೇ ಅತಿಥಿ ಬರಲು ಕಾರಣ ಎಂದಂತಾಯಿತು ಆ್ಯಪ್‌ನ ತೀರ್ಮಾನ.

ಹೀಗೆ ಬಯ್ಯುತ್ತಾ ಬಂದವನು ಇದನ್ನು ತೆಗೆದುಹಾಕಲಿಲ್ಲ. ಅದಕ್ಕೆ ಕಾರಣ, ನಾನು ಕೇಳದೆಯೇ ಅದು ಕೊಟ್ಟ ಒಂದು ಸಣ್ಣ ಕಾಲಂ.

ಆ ಹಸಿರು ಪಟ್ಟಿಯ ನಂತರ ನಾನು ಹನ್ನೊಂದು ಪ್ರಶ್ನೆಗಳಿಗೆ ಉತ್ತರಿಸುವುದನ್ನು ಬಿಟ್ಟೆ. ರಾತ್ರಿ ಹಲ್ಲುಜ್ಜಿ ದೀಪ ಆರಿಸುವ ಮುನ್ನ, ಪರದೆಯ ಬೆಳಕನ್ನು ಪೂರ್ತಿ ತಗ್ಗಿಸಿ, ಎರಡೇ ಗುರುತು: ಇಂದು ನೋವು ಇತ್ತೇ, ಮಾತ್ರೆ ನುಂಗಿದೆನೇ. ನೋವಿಲ್ಲದ ದಿನವೂ ಸೊನ್ನೆ ಎಂದು ಒತ್ತುತ್ತೇನೆ, ಖಾಲಿ ಬಿಡುವುದಿಲ್ಲ. ಮಾತ್ರೆಯ ಲೆಕ್ಕ ತಪ್ಪಬಾರದೆಂದು ಪಟ್ಟಿಯಿಂದ ಬಿಡಿಸಿದ ಮಾತ್ರೆಯ ಜಾಗದ ಹಿಂದೆ ಪೆನ್ನಿನಿಂದ ತಾರೀಖು ಬರೆಯುವುದು ರೂಢಿಯಾಯಿತು. ಮರುದಿನ ಮಲಗಿದ್ದಲ್ಲಿಂದ ಏಳಲಾಗದಿದ್ದರೂ ಆ ತಾರೀಖು ಸಾಕ್ಷಿ ಹೇಳುತ್ತದೆ. ಅರ್ಧ ನಿಮಿಷದ ಕೆಲಸ, ಈಗ ಬೀಗ ಹಾಕಿದೆನೇ ಎಂದು ನೋಡುವಷ್ಟೇ ಸಹಜ.

ಮೂರು ತಿಂಗಳ ನಂತರ ಮಾತ್ರೆಯ ಕಾಲಂನಲ್ಲಿ ಕಂಡದ್ದು ತಿಂಗಳಿಗೆ 12, 13, 14 ದಿನ. ವಾರಕ್ಕೆ ಒಂದೆರಡು ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದವನು! ಆ ಹಾಳೆ ನೋಡಿದ ವೈದ್ಯರು ನೋವಿನ ಕಾಲಂ ಕಡೆಗೆ ತಿರುಗಲೂ ಇಲ್ಲ, ನೇರ ಇದಕ್ಕೇ ಬೆರಳಿಟ್ಟರು. ಎರಡು ಮೂರು ಔಷಧ ಸೇರಿಸಿದ ಮಾತ್ರೆಗಳನ್ನೋ ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಎಂಬ ಮಾತ್ರೆಗಳನ್ನೋ ತಿಂಗಳಿಗೆ 10 ದಿನ ಅಥವಾ ಹೆಚ್ಚು, ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥವನ್ನು 15 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವನ್ನು ಸಾಕತೊಡಗಬಹುದು. ನನ್ನದು ಮೊದಲ ಬಗೆಯ ಮಾತ್ರೆ. ಅವರ ಸಲಹೆಯಂತೆ ಅದನ್ನು ನಿಲ್ಲಿಸಿದಾಗ ಮೊದಲ ಕೆಲವು ದಿನ ನೋವು ಇಮ್ಮಡಿಯಾಯಿತು, ಅದನ್ನು ಅವರು ಮೊದಲೇ ಹೇಳಿದ್ದರು. (ನೀವಾಗಿಯೇ ನಿಲ್ಲಿಸಲು ಹೋಗಬೇಡಿ, ಕೆಲವು ಔಷಧಗಳನ್ನು ಒಮ್ಮೆಲೇ ಬಿಡುವುದು ಅಪಾಯ.) ಜೊತೆಗೆ ನೋವನ್ನು ಮುಂಚೆಯೇ ತಡೆಯುವ ಮಾತ್ರೆ ದಿನಕ್ಕೊಂದು ಶುರುವಾಯಿತು. ಅದರ ಫಲ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕು ಎಂದಾಗ ತಾಳ್ಮೆ ಕೊಟ್ಟದ್ದು ತಿಂಗಳಲ್ಲಿ ನೋವಿದ್ದ ದಿನಗಳ ಇದೇ ನಕ್ಷೆ: 17, 15, 11, ಈಗ 9.

ಹಣ ಕಟ್ಟಿದರೆ ಹವಾಮಾನದ ನಕ್ಷೆಯೂ ಸಿಗುತ್ತದಂತೆ. ಮೋಡ ಕವಿದಿದೆ ಎಂದು ತಿಳಿಯಲು ನನಗೆ ಕಿಟಕಿ ಸಾಕು, ಉಚಿತ ಆವೃತ್ತಿಯಲ್ಲೇ ಇದ್ದೇನೆ. ಆದರೆ ಒಮ್ಮೆಲೇ ಸಿಡಿಲು ಹೊಡೆದಂತೆ ಬರುವ ನೋವನ್ನೋ, ಮಾತು ತೊದಲುವ, ಕೈಕಾಲು ಸೋಲುವ ನೋವನ್ನೋ ಇದರಲ್ಲಿ ಬರೆಯುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಖಾಲಿ ದಿನದ ಬಗ್ಗೆ ತಯಾರಕರಿಗೆ ಎರಡು ಸಲ ಬರೆದೆ. ಎರಡೂ ಸಲ ಸಲಹೆಗೆ ಧನ್ಯವಾದ ಎಂಬ ಉತ್ತರ ಬಂತು, ಹಸಿರು ಪಟ್ಟಿ ಇದ್ದ ಹಾಗೇ ಇದೆ. ಸದ್ಯಕ್ಕೆ ಐದರಲ್ಲಿ ಮೂರು ನಕ್ಷತ್ರ. ಖಾಲಿ ದಿನವನ್ನು ಖಾಲಿ ಎಂದೇ ತೋರಿಸಿದರೆ ನಾಲ್ಕನೆಯದನ್ನೂ ಕೊಡುತ್ತೇನೆ.