ಹಸಿ ಹಲಸಿನ ಹಲಗೆಯಲ್ಲಿ ಗಿಟಾರಿನ ಒಡಲು ಮಾಡಲು ಹೋಗಬೇಡಿ

ಮನೆಯಲ್ಲೇ ಅರೆಟೊಳ್ಳು, ಅಂದರೆ ನಡುವೆ ಗಟ್ಟಿಯಾಗಿದ್ದು ಎರಡು ಬದಿ ಟೊಳ್ಳಿರುವ, ಎಲೆಕ್ಟ್ರಿಕ್ ಗಿಟಾರಿನ ಒಡಲು ಮಾಡಲು ಹೊರಟವರು, ಅದರಲ್ಲೂ ನಮ್ಮ ಕಾಸರಗೋಡಿನಂತಹ ಮಳೆಯ ಊರಿನವರು, ಮರಕ್ಕೆ ಗರಗಸ ಹಾಕುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ನನ್ನ ನಾಲ್ಕು ತಿಂಗಳ ಕೆಲಸವೂ ಒಳ್ಳೆಯ ಮರವೂ ಒಟ್ಟಿಗೆ ಹಾಳಾದವು.

ಬದಿಯಡ್ಕದ ಬಳಿಯ ನಮ್ಮ ತೋಟದಲ್ಲಿ ಗಾಳಿಗೆ ಉರುಳಿದ ಹಲಸನ್ನು ಮಿಲ್ಲಿನಲ್ಲಿ ಸೀಳಿಸಿ, ಹಲಗೆಗಳನ್ನು ಎಂಟು ತಿಂಗಳು ಅಟ್ಟದಲ್ಲಿ ಇಟ್ಟಿದ್ದೆ. ಮದ್ದಳೆಗೂ ವೀಣೆಗೂ ಒದಗುವ ಮರ ಗಿಟಾರಿಗೆ ಏಕೆ ಒದಗದು ಎಂಬುದು ನನ್ನ ಯೋಚನೆಯಾಗಿತ್ತು. ಅದು ಈಗಲೂ ತಪ್ಪೆಂದು ನನಗೆ ತೋರುವುದಿಲ್ಲ. ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದ ಆಚಾರಿಯವರು, "ಇದು ಒಳಗೆ ಇನ್ನೂ ಹಸಿ ಉಂಟು, ಈಗ ಕೈ ಹಾಕಬೇಡಿ" ಎಂದಿದ್ದರು. ನಾನು ಕೇಳಲಿಲ್ಲ. ಆಟಿ ತಿಂಗಳ ಮಳೆಯಲ್ಲೇ ಅಂಚಿನ ಚೌಕಟ್ಟನ್ನು ಕೊರೆದು, ನಡುವೆ ದಿಮ್ಮಿ ಕೂರಿಸಿ, ಮೇಲೆ ಕೆಳಗೆ ಐದು ಮಿಲಿಮೀಟರ್ ಹಲಗೆಗಳನ್ನು ಅಂಟಿಸಿದೆ.

ನನ್ನ ಮುಂದಿದ್ದ ಮಾದರಿ 1958ರಲ್ಲಿ ಬಂದ ಗಿಬ್ಸನ್ ಇಎಸ್-335. ಅದರ ಎರಡು ಟೊಳ್ಳು ಬದಿಗಳ ನಡುವೆ ಮೇಪಲ್ ಮರದ ದಿಮ್ಮಿ ಇರುತ್ತದೆ. ಆಂಪ್ಲಿಫೈಯರಿನ ಸದ್ದಿಗೆ ಒಡಲು ತಾನೇ ಕಂಪಿಸಿ ಊಳಿಡುವುದನ್ನು ಅದು ತಗ್ಗಿಸುತ್ತದೆ. ಆದರೆ ಆ ಗಿಟಾರಿನ ಮೇಲ್ಹಲಗೆ ಪ್ಲೈವುಡ್ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಂಡು, ಇಡೀ ಮರವೇ ಮೇಲು ಎಂದು ಭಾವಿಸಿದ್ದೆ. ಪ್ಲೈವುಡ್ಡಿನ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಅದು ಹಿಗ್ಗುವುದೂ ಕುಗ್ಗುವುದೂ ಬಹಳ ಕಡಿಮೆ. ಇಡೀ ಮರವಾದರೋ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕದಲುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ನಾನು ಉಳಿದ ತುಂಡುಗಳನ್ನು ಜೋಡಿಸಿ ದಿಮ್ಮಿ ಮಾಡುವಾಗ ಅದರ ಎಳೆಯನ್ನು ಮೇಲ್ಹಲಗೆಯ ಎಳೆಗೆ ಅಡ್ಡವಾಗಿ ಇಟ್ಟಿದ್ದೆ. ಕುಗ್ಗಬೇಕಾದ ಹಲಗೆಯನ್ನು ಕುಗ್ಗದ ದಿಮ್ಮಿಗೆ ಅಂಟಿಸಿದ ಮೇಲೆ ಅದು ಸೀಳದೆ ಬೇರೆ ದಾರಿಯಿರಲಿಲ್ಲ.

ಊರಿನಲ್ಲಿ ಇದ್ದಷ್ಟು ದಿನ ಏನೂ ತೋರಲಿಲ್ಲ. ಮಾರ್ಚ್‌ನಲ್ಲಿ ಗಿಟಾರನ್ನು ಬೆಂಗಳೂರಿಗೆ ಒಯ್ದ ಒಂಬತ್ತನೆಯ ದಿನ ರಾತ್ರಿ ಟಪ್ಪೆಂಬ ಸದ್ದಾಯಿತು. ಎಡಬದಿಯ ಎಫ್ ಆಕಾರದ ರಂಧ್ರದಿಂದ ಒಡಲಿನ ತುದಿಯವರೆಗೆ ಬಿರುಕು ಓಡಿತ್ತು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದೆ. ವಾರದೊಳಗೆ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಬಂತು, ಹಿಂಬದಿಯ ಅಂಟೂ ಬಿಟ್ಟಿತು.

ಹಲಗೆಯನ್ನು ಗಾಳಿಯಲ್ಲಿ ಒಣಗಿಸುವಾಗ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕೆಂಬುದು ಮರಗೆಲಸದವರ ಲೆಕ್ಕ. ಆದರೂ ನಮ್ಮಲ್ಲಿ ಕಾಲವನ್ನು ಎಣಿಸಿದರಷ್ಟೇ ಸಾಲದು, ಏಕೆಂದರೆ ಗಾಳಿಯ ತೇವ ನೂರಕ್ಕೆ ತೊಂಬತ್ತರಷ್ಟಿರುವ ಮಳೆಗಾಲದಲ್ಲಿ ಒಣಗಿದ ಮರವೂ ನೀರನ್ನು ಹೀರಿಕೊಂಡು ನೂರಕ್ಕೆ ಇಪ್ಪತ್ತರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ವಾದ್ಯಕ್ಕೆ ಅದು ಹತ್ತಕ್ಕಿಂತ ಕೆಳಗಿರಬೇಕು. ತೇವವನ್ನು ಅಳೆಯುವ ಯಂತ್ರವಿಲ್ಲದವರು ಹಲಗೆಯ ನಡುವಿನಿಂದ ಸಣ್ಣ ತುಂಡನ್ನು ಕತ್ತರಿಸಿ ತೂಗಿ, ಓವನ್‌ನಲ್ಲಿ ನೂರು ಡಿಗ್ರಿಗಿಂತ ತುಸು ಮೇಲಿನ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಲಿ. ನನ್ನ ತುಂಡು 100 ಗ್ರಾಂನಿಂದ 84ಕ್ಕೆ ಇಳಿಯಿತು; ಕಳೆದ 16 ಗ್ರಾಂ ನೀರನ್ನು 84ರಿಂದ ಭಾಗಿಸಿದರೆ ಒಣಮರದ ತೂಕದ ನೂರಕ್ಕೆ ಹತ್ತೊಂಬತ್ತು. ಈ ಪರೀಕ್ಷೆಯನ್ನು ನಾನು ಒಡಲು ಸೀಳಿದ ಮೇಲೆ ಮಾಡಿದೆ.

ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳನ್ನು ಬಿಚ್ಚಿ ತೆಗೆದಿಟ್ಟಿದ್ದೇನೆ. ಉಳಿದ ಎರಡು ಹಲಗೆಗಳ ತುದಿಗಳಿಗೆ ಮೇಣ ಬಳಿದು, ನಡುವೆ ರೀಪಿನ ತುಂಡುಗಳನ್ನು ಕೊಟ್ಟು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ತಿಂಗಳಿಗೊಮ್ಮೆ ತೂಗುತ್ತಿದ್ದೇನೆ. ಕಳೆದ ತಿಂಗಳೂ ಒಂದು ಹಲಗೆ ನಲವತ್ತು ಗ್ರಾಂ ಇಳಿದಿತ್ತು.