ಎರಡು ಹಲ್‌ನ ಕ್ಯಾಟಮರಾನಾ, ಒಂಟಿ ಹಲ್‌ನ ಟ್ರಾಲರಾ? ಓಡಿಸಿ ನೋಡಿದ ಡೀಸೆಲ್ ಲೆಕ್ಕ

ಪವರ್ ಕ್ಯಾಟಮರಾನ್, ಅಂದರೆ ಹಾಯಿ ಇಲ್ಲದೆ ಇಂಜಿನ್‌ನಲ್ಲೇ ಓಡುವ ಎರಡು ಹಲ್‌ನ ಬೋಟ್, ಡೀಸೆಲ್ ಕಡಿಮೆ ಕುಡಿಯುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ಹಲ್ ಅಂದರೆ ನೀರಿನಲ್ಲಿ ತೇಲುವ ಬೋಟಿನ ಒಡಲು. ನಿಧಾನಕ್ಕೆ ದೂರ ಹೋಗುವವರಿಗೆ ಹಳೇ ಒಂಟಿ ಹಲ್‌ನ ಟ್ರಾಲರೇ ಮುಂದೆ. ಇಲ್ಲಿ ಟ್ರಾಲರ್ ಅಂದರೆ ಮಲ್ಪೆಯ ಮೀನುಗಾರಿಕೆ ಬೋಟ್ ಅಲ್ಲ, ಅದೇ ಗಟ್ಟಿತನದಲ್ಲಿ ಮನೆಯವರೆಲ್ಲ ಉಳಿದುಕೊಂಡು ಸುತ್ತಾಡಲು ಕಟ್ಟಿದ ಬೋಟ್.

ಬೆಂಗಳೂರಿಂದ ಥೈಲ್ಯಾಂಡಿನ ಫುಕೆಟ್ ವಿಮಾನದಲ್ಲಿ ಕೆಲವೇ ಗಂಟೆ. ನಮ್ಮ ಜಯನಗರದ ಗೆಳೆಯರ ಗುಂಪು ಅಲ್ಲಿ ಕ್ಯಾಪ್ಟನ್ ಸಮೇತ ಎರಡೂ ಥರದ ಬೋಟ್ ಬಾಡಿಗೆಗೆ ಪಡೆದು ಫಿ ಫಿ ದ್ವೀಪಗಳ ಕಡೆ ಸುತ್ತಿದೆವು. ಟ್ರಾಲರ್ 40 ಅಡಿ, ಒಂದೇ ಇಂಜಿನ್, 120 ಅಶ್ವಶಕ್ತಿ, ಸುಮಾರು 1,500 ಲೀಟರ್ ಟ್ಯಾಂಕ್. ಕ್ಯಾಟಮರಾನ್ 44 ಅಡಿ, ಎರಡು ಇಂಜಿನ್, 1,200 ಲೀಟರ್ ಟ್ಯಾಂಕ್.

"ಮೈಲೇಜ್ ಎಷ್ಟು ಗುರು?" ಅಂತ ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದರು. ಬೋಟಿಗೆ ಮೈಲೇಜ್ ಅಂತ ಒಂದೇ ನಂಬರ್ ಇರುವುದಿಲ್ಲ. ಯಾವ ವೇಗದಲ್ಲಿ ಅಂತ ಹೇಳದೆ ಹೋದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ.

7 ನಾಟ್ ವೇಗದಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಟ್ರಾಲರ್ ಗಂಟೆಗೆ ಸುಮಾರು ಏಳೂವರೆ ಲೀಟರ್ ಸುಟ್ಟಿತು. ಅದೇ ವೇಗಕ್ಕೆ ಕ್ಯಾಟಮರಾನಿನ ಎರಡೂ ಇಂಜಿನ್ ಸೇರಿ 11 ಲೀಟರ್. ಕಾರಿನ ಲೆಕ್ಕದಲ್ಲಿ ಹೇಳಬೇಕು ಅಂದರೆ ಮೊದಲನೆಯದು ಲೀಟರಿಗೆ 1.7 ಕಿ.ಮೀ., ಎರಡನೆಯದು 1.2 ಕಿ.ಮೀ. ಕಾರಣ ಸುಲಭ. ನಿಧಾನಕ್ಕೆ ಹೋಗುವಾಗ ಬೋಟನ್ನು ಹಿಡಿದೆಳೆಯುವುದು ಮುಖ್ಯವಾಗಿ ನೀರಿನ ಉಜ್ಜಾಟ, ಎರಡು ಹಲ್ ಇದ್ದರೆ ನೀರಿಗೆ ತಾಗುವ ಮೈಯೂ ಜಾಸ್ತಿ ಅಲ್ವಾ?

ವೇಗ ಏರಿಸಿದಾಗ ಆಟ ಬದಲಾಗುತ್ತದೆ. ಒಂಟಿ ಹಲ್‌ನ ಟ್ರಾಲರ್ ತಾನೇ ಎಬ್ಬಿಸಿದ ಅಲೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ನೀರಿಗೆ ತಾಗುವ ಉದ್ದ ಅಡಿಗಳಲ್ಲಿ ಎಷ್ಟೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ಸಿಗುತ್ತದೆ. 36 ಅಡಿಗೆ 8 ನಾಟ್. ಕ್ಯಾಪ್ಟನ್ ಥ್ರಾಟಲ್ ಇನ್ನೂ ಮುಂದೆ ತಳ್ಳಿ ತೋರಿಸಿದ. ಹಿಂಭಾಗ ಕೂತುಕೊಂಡಿತು, ಮೂತಿ ಮೇಲೆದ್ದಿತು, ಹಿಂದೆ ದೊಡ್ಡ ಅಲೆ ಎದ್ದು ನಿಂತಿತು, ಇಂಜಿನ್ ಸದ್ದು ಜೋರಾಯಿತು, ವೇಗ ಮಾತ್ರ ಅಲ್ಲೇ. ಕ್ಯಾಟಮರಾನಿನ ಹಲ್‌ಗಳು ತೆಳ್ಳಗೆ ಉದ್ದಕ್ಕೆ ಇರುವುದರಿಂದ ಏಳುವ ಅಲೆಯೇ ಸಣ್ಣದು. ಹೀಗಾಗಿ ಅದು 10, 12 ನಾಟ್ ದಾಟಿ ಆರಾಮಾಗಿ ಏರುತ್ತದೆ. ಅದರ ನಿಜವಾದ ಬಲ ಇರುವುದು ಇಲ್ಲೇ. ಆದರೆ 16 ನಾಟಿಗೆ ಮುಟ್ಟಿದಾಗ ಮೀಟರ್ ಗಂಟೆಗೆ 76 ಲೀಟರ್ ತೋರಿಸುತ್ತಿತ್ತು, ಅಂದರೆ ಲೀಟರಿಗೆ 400 ಮೀಟರ್ ಕೂಡ ಇಲ್ಲ.

ಈಗ ದೂರದ ಲೆಕ್ಕ. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು ಅಂತ ಡೀಸೆಲ್ ಹಂಚುವುದು ಹಳೇ ಕ್ರಮ, ನಾನು ಅದನ್ನೇ ನಂಬುತ್ತೇನೆ. ನಮ್ಮ ಕಡೆಯದೇ ಉದಾಹರಣೆ ನೋಡಿ. ಕೊಚ್ಚಿಯಿಂದ ಲಕ್ಷದ್ವೀಪದ ಕವರತ್ತಿಗೆ 404 ಕಿ.ಮೀ., ಅಂದರೆ 218 ನಾಟಿಕಲ್ ಮೈಲಿ, ಹೋಗಿ ಬರಲು 436. ಆಪತ್ತಿನ ಪಾಲು ಬಿಟ್ಟರೆ ಈ ಟ್ರಾಲರ್ 7 ನಾಟಿನಲ್ಲಿ 930 ಮೈಲಿ ಹೋಗಬಲ್ಲದು. ಕ್ಯಾಟಮರಾನ್ ಅದೇ ವೇಗಕ್ಕೆ ಸುಮಾರು 510, ಸಾಕು, ಆದರೆ ಬಿಗಿ. 16 ನಾಟಿನಲ್ಲಿ 170 ಮಾತ್ರ, ಕವರತ್ತಿ ಮುಟ್ಟುವ ಮೊದಲೇ ಆಪತ್ತಿನ ಪಾಲಿಗೆ ಕೈ ಹಾಕಬೇಕು. 2001–02ರಲ್ಲಿ ನಾರ್ಡ್‌ಹಾವನ್ 40 ಅನ್ನುವ ಒಂಟಿ ಹಲ್‌ನ ಬೋಟ್ ಭೂಮಿಯನ್ನೇ ಸುತ್ತಿ ಬಂದದ್ದು ಇದೇ ನಿಧಾನದ ಬಲದಿಂದ.

ಕ್ಯಾಟಮರಾನಿನಲ್ಲಿ ಒಂದು ಇಂಜಿನ್ ಆಫ್ ಮಾಡಿಯೂ ನೋಡಿದೆವು. ಸ್ವಲ್ಪ ಉಳಿಯಿತು, ಸುಳ್ಳಲ್ಲ. ಆದರೆ ಬೋಟ್ ಒಂದು ಕಡೆ ಎಳೆಯುತ್ತದೆ, ರಡ್ಡರ್ (ಚುಕ್ಕಾಣಿ) ಓರೆ ಹಿಡಿದೇ ಇರಬೇಕು, ಆ ಓರೆಯೂ ಡೀಸೆಲ್ ತಿನ್ನುತ್ತದೆ. ಆಫ್ ಮಾಡಿದ ಕಡೆಯ ಪ್ರೊಪೆಲ್ಲರ್ ಸುಮ್ನೆ ತಿರುಗುತ್ತಿರುವುದು ಕೆಲವು ಗೇರ್‌ಬಾಕ್ಸ್‌ಗಳಿಗೆ ಆಗುವುದಿಲ್ಲ, ಮ್ಯಾನ್ಯುಯಲ್ ಓದಿಯೇ ಮಾಡಬೇಕು.

ತೂಕದ ವಿಷಯ ಇನ್ನೂ ಮುಖ್ಯ. ಟ್ರಾಲರಿಗೆ ಎಷ್ಟು ತುಂಬಿದರೂ ವ್ಯತ್ಯಾಸ ಗೊತ್ತಾಗಲಿಲ್ಲ. ಕ್ಯಾಟಮರಾನಿಗೆ ನೀರಿನ ಕ್ಯಾನ್, ಐಸ್, ಡೈವಿಂಗ್ ಸಿಲಿಂಡರ್, ಅಕ್ಕಿ, ಚಟ್ನಿಪುಡಿ ಎಲ್ಲ ಏರಿಸಿದಾಗ ಹಿಂದಿನ ಮೆಟ್ಟಿಲು ನೀರಿಗೆ ಇಳಿಯಿತು. ಎರಡು ಹಲ್‌ಗಳ ನಡುವಿನ ತಳಕ್ಕೆ ಎದುರಲೆ ಧಡ್ ಅಂತ ಬಡಿದರೆ ಮೇಜಿನ ಮೇಲಿನ ಕಾಫಿ ಲೋಟ ಹಾರುತ್ತಿತ್ತು. ತೆಳ್ಳಗಿನ ಹಲ್ ಭಾರ ಹೊತ್ತು ಆಳಕ್ಕೆ ಕೂತರೆ ಅದರ ಲಾಭವೆಲ್ಲ ಹೋಯಿತು.

ಜನರೇಟರ್ ಖರ್ಚನ್ನು ಯಾರೂ ಹೇಳುವುದಿಲ್ಲ. ಬೆಂಗಳೂರಿನ ತಂಪಿಗೆ ಒಗ್ಗಿದ ನಮಗೆ ಅಲ್ಲಿನ ಸೆಕೆಯಲ್ಲಿ ರಾತ್ರಿ ಎಸಿ ಬೇಕೇ ಬೇಕು. ಗಂಟೆಗೆ ಎರಡು, ಎರಡೂವರೆ ಲೀಟರ್ ಅಂದರೂ ಬೆಳಗಾಗುವುದರೊಳಗೆ 20 ಲೀಟರ್ ಹತ್ತಿರ. ಹಗಲು ನಿಧಾನಕ್ಕೆ 20 ಮೈಲಿ ಸುತ್ತಿದ್ದಕ್ಕೆ ಆದದ್ದು ಮೂವತ್ತು ಚಿಲ್ಲರೆ.

ಇಷ್ಟಾದರೂ ಮುಂದಿನ ಸಲ ಅಪ್ಪ ಅಮ್ಮ, ಮಕ್ಕಳ ಜೊತೆ ಹೋದರೆ ಕ್ಯಾಟಮರಾನೇ ತೆಗೆದುಕೊಳ್ಳುತ್ತೇನೆ. ಲಂಗರು ಹಾಕಿ ನಿಂತಾಗ ಟ್ರಾಲರ್ ಅಡ್ಡಡ್ಡ ತೂಗಾಡುತ್ತದೆ, ಅಮ್ಮನಿಗೆ ಆಗುವುದಿಲ್ಲ. ದ್ವೀಪ ದ್ವೀಪದ ನಡುವೆ 20, 30 ಮೈಲಿ ಇರುವ ಕಡೆ ಹೆಚ್ಚುವರಿ ಡೀಸೆಲ್ ಹೊರೆ ಅನಿಸಲ್ಲ. ಅದೇ ಲಕ್ಷದ್ವೀಪದಂಥ ದೂರಕ್ಕೆ ಟ್ರಾಲರ್ ಬಿಟ್ಟು ಬೇರೆ ಯೋಚಿಸಲಾರೆ. ಬುಕ್ ಮಾಡುವವರು ಟ್ಯಾಂಕ್ ಎಷ್ಟು ದೊಡ್ಡದು ಅಂತ ಕೇಳಬೇಡಿ. ತುಂಬಿದ ಭಾರದಲ್ಲಿ 7, 10, 16 ನಾಟಿಗೆ ಗಂಟೆಗೆ ಎಷ್ಟು ಲೀಟರ್ ಅಂತ ಬರೆಸಿಕೊಳ್ಳಿ.