ಲೆಗೇಟ್ ಎನ್ನಬೇಕೆ, ನುನ್ಸಿಯೋ ಎನ್ನಬೇಕೆ?

ಮಧ್ಯಯುಗದ ಪೋಪ್ ದೂತರನ್ನೆಲ್ಲ ‘ರಾಯಭಾರಿ’ ಎಂದುಬಿಟ್ಟರೆ ಎಡವುತ್ತೀರಿ. ಬಿರುದಿಗಿಂತ ಮೊದಲು ಅವರ ಅಧಿಕಾರಪತ್ರ ನೋಡಿ. ನುನ್ಸಿಯೋ ಮೂಲತಃ ಓಲೆಕಾರ: ಪೋಪರ ಮಾತು ಒಪ್ಪಿಸುತ್ತಾನೆ, ಸ್ವಂತ ತೀರ್ಮಾನಕ್ಕೆ ಬೇರೆ ಆದೇಶ ಬೇಕು. ‘ಆ ಲಾತೆರೆ’ (ಲ್ಯಾಟಿನ್‌ನಲ್ಲಿ ‘ಪಕ್ಕದಿಂದ’) ಲೆಗೇಟ್, ಸಾಮಾನ್ಯವಾಗಿ ಕಾರ್ಡಿನಲ್ ಅಂದರೆ ಪೋಪರ ಉನ್ನತ ಸಲಹೆಗಾರ, ಪೋಪರ ಪ್ರತಿರೂಪ: ಸಭೆ ಕರೆಯಬಲ್ಲ, ವ್ಯಾಜ್ಯ ತೀರಿಸಬಲ್ಲ, ಬಹಿಷ್ಕಾರ ಹಾಕಬಲ್ಲ. ‘ನಾತುಸ್’ (ಹುಟ್ಟು) ಲೆಗೇಟ್, ಅಂದರೆ ಪೀಠದ ಜೊತೆಗೇ ಆ ಪದವಿ ಪಡೆದವನು, ಮಾತ್ರ ಎಲ್ಲಿಂದಲೂ ಬಂದವನಲ್ಲ. ಇಂಗ್ಲೆಂಡಿನ ಕ್ಯಾಂಟರ್ಬರಿಯಂಥ ಪೀಠದ ಆರ್ಚ್‌ಬಿಷಪ್ಪೇ.

ಜನರ ಸಿಟ್ಟು ಹೆಚ್ಚಾಗಿ ಈ ದೂತರ ಖರ್ಚಿನ ಮೇಲೆ. ಊಟ, ವಸತಿ, ಕುದುರೆ ಮೇವು ಸ್ಥಳೀಯ ಚರ್ಚುಗಳ ತಲೆಗೆ. 1179ರ ಮೂರನೇ ಲ್ಯಾಟರನ್ ಸಭೆ (ರೋಮಿನಲ್ಲಿ ನಡೆದ ಚರ್ಚ್ ಮಹಾಸಭೆ) ಕಾರ್ಡಿನಲ್‌ಗೆ 20–25 ಕುದುರೆಗಳ ಮಿತಿ ಹಾಕಿತು. 1238ರಲ್ಲಿ ಆಕ್ಸ್‌ಫರ್ಡ್ ಬಳಿಯ ಓಸ್ನಿ ಮಠದಲ್ಲಿ ಲೆಗೇಟ್ ಓಟ್ಟೋನ ಅಡುಗೆಯವನು ಒಬ್ಬ ಬಡ ಪಾದ್ರಿಯ ಮೇಲೆ ಕುದಿಯುವ ಸಾರು ಎರಚಿದ. ಅಲ್ಲಿದ್ದ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ದಂಗೆಯೆದ್ದರು; ಓಟ್ಟೋ ಗೋಪುರದಲ್ಲಿ ಅಡಗಬೇಕಾಯಿತು.